ನಿಂತು ತಿಂದದ್ದು

ಎಪ್ಪತ್ತರ ದಶಕದ ಆರಂಭ. ಗ್ರಾಂಟ್ ರೋಡಿನ ಉಡುಪಿ ಹೋಟೆಲೊಂದರಲ್ಲಿ ನಾನು ಅಡುಗೆಯವನಾಗಿದ್ದೆ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಪರೇಲಿನ ಡಾಕ್ಟರೊಬ್ಬರು, "ಮೈ ದಿನಕ್ಕೆ ಎಷ್ಟು ಖರ್ಚು ಮಾಡುತ್ತದೋ ಅದಕ್ಕಿಂತ ಕಡಿಮೆ ತಿನ್ನಿ, ತೂಕ ತಾನಾಗಿ ಇಳಿಯುತ್ತದೆ" ಎಂದರು.

ಮನೆಯಲ್ಲಿ ಅನ್ನ ಬಿಟ್ಟು ಎರಡು ಚಪಾತಿಗೆ ಇಳಿದೆ. ಮೂರು ತಿಂಗಳಾದರೂ ಅಂಗಿಯ ಗುಂಡಿ ಹಾಕಲು ಆಗುತ್ತಿರಲಿಲ್ಲ. ಸಿಟ್ಟೆಲ್ಲ ಹೆಂಡತಿಯ ಮೇಲೆ. "ಎಂತ ಮಾರಾಯ್ತಿ, ಕದ್ದು ಎಣ್ಣೆ ಸುರಿಯುತ್ತೀಯಾ?" ಎಂದು ಚಾಳಿನ ಅಷ್ಟೂ ಮನೆಗಳಿಗೆ ಕೇಳುವ ಹಾಗೆ ಕೂಗಿದ್ದೆ. ಅವಳು ನನ್ನ ತಟ್ಟೆ ಎತ್ತಿಕೊಂಡು ಹೋದಳು.

ಹೋಟೆಲಿನಲ್ಲಿ ನಾನು ಊಟಕ್ಕೆ ಕೂತವನೇ ಅಲ್ಲ. ಆದರೆ ಸಾಂಬಾರು, ಚಟ್ನಿ, ಶಿರಾ, ಬೋಂಡ, ಯಾವುದು ತಯಾರಾದರೂ ಒಲೆಯ ಮುಂದೆ ನಿಂತೇ ರುಚಿ ನೋಡುವುದು ನನ್ನ ಕೆಲಸ. ನಡುನಡುವೆ ಸಕ್ಕರೆ ಜಾಸ್ತಿ ಹಾಕಿದ ಚಹಾ. ಎಲೆ ಹಾಕಿ ಕೂತು ಉಂಡರೆ ಮಾತ್ರ ಊಟ ಎಂದುಕೊಂಡಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಒಂದು ಭಾನುವಾರ ಮಧ್ಯಾಹ್ನ ಕೆಲಸ ಮುಗಿಸಿ, ಹೆಂಡತಿಯ ಜೊತೆ ಹೊರಟವನು ಸ್ಟೇಷನ್ನಿನ ತೂಕದ ಮಷಿನ್ ಹತ್ತಿದೆ. ಚೀಟಿಯಲ್ಲಿ ಮೂರು ತಿಂಗಳ ಹಿಂದಿನದಕ್ಕಿಂತ ಒಂದು ಕಿಲೋ ಹೆಚ್ಚೇ ಬಂತು. ತಮಾಷೆಗೆ ಅವಳನ್ನೂ ಹತ್ತಿಸಿದೆ. ಮದುವೆಯಾದ ವರ್ಷ ಅದೇ ಮಷಿನ್ ಅವಳಿಗೆ ಐವತ್ತೆರಡು ತೋರಿಸಿತ್ತು. ಈಗ ನಲವತ್ತಮೂರು.

"ಎಂತ ಇದು?" ಎಂದೆ.

"ನೀವು ಎರಡೇ ಚಪಾತಿಯಲ್ಲಿ ಏಳುವಾಗ ನನಗೆ ಅನ್ನ ಹೇಗೆ ಇಳಿಯುತ್ತದೆ?" ಎಂದಳು.

ಆಗಲೂ ನನ್ನ ಬೆರಳುಗಳಲ್ಲಿ ಶಿರಾದ ತುಪ್ಪದ ಪರಿಮಳವಿತ್ತು.