ಕ್ಯಾಬಿನ್‌ನಲ್ಲಿ ಅಕ್ಕನ ದನಿ

2004ರಲ್ಲಿ ನಾನು ತುಮಕೂರಿನ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಬಿಡಿಭಾಗ ತಂದು ಜೋಡಿಸಿ, ಸಾಫ್ಟ್‌ವೇರ್ ಹಾಕಿ, ಗಿರಾಕಿಯ ಮನೆಯಲ್ಲಿ ಕೂರಿಸಿ ಬರುವುದು ನನ್ನ ಪಾಲಿನ ಕೆಲಸ. ಜೋಡಿಸಿದ ಪ್ರತಿ ಯಂತ್ರಕ್ಕೂ ಡೈರಿಯಲ್ಲಿ ತಾರೀಖು, ಕ್ರಮಸಂಖ್ಯೆ, ಗಿರಾಕಿಯ ವಿಳಾಸ ಬರೆಯುತ್ತಿದ್ದೆ. ನಲವತ್ತೊಂದನೆಯದಕ್ಕೆ ವಿಳಾಸವಿಲ್ಲ. ಅದು ಲಾರಿಗೆಂದು ಮಾಡಿದ್ದು.

ಲಾರಿ ಓಡಿಸುತ್ತಿದ್ದವರು ಭಾವ, ನನ್ನ ಅಕ್ಕನ ಗಂಡ. ಮನೆ ಕುಣಿಗಲ್‌ನಲ್ಲಿ, ಕೆಲಸ ಗುಬ್ಬಿಯ ತೆಂಗಿನಕಾಯಿ ಮಂಡಿಯೊಂದರಲ್ಲಿ. ಗುಬ್ಬಿಯಲ್ಲಿ ಲೋಡ್ ಮಾಡಿದರೆ ಇಳಿಸುವುದು ದೆಹಲಿಯಲ್ಲೇ. ಅವರಿಗಿದ್ದ ತೊಂದರೆ ನಿದ್ದೆ. ರಾತ್ರಿ ಎಷ್ಟು ಮಲಗಿದರೂ ಹಗಲು ಕಣ್ಣು ಎಳೆಯುತ್ತಿತ್ತು. ಅವರ ಗೊರಕೆಗೆ ಮನೆಯ ಹೆಂಚು ಹಾರುತ್ತದೆ ಎಂದು ನಾವೆಲ್ಲ ನಗುತ್ತಿದ್ದೆವು. ಆ ಗೊರಕೆಗೂ ಹಗಲಿನ ತೂಕಡಿಕೆಗೂ ಸಂಬಂಧವಿರಬಹುದೆಂದು ಆಗ ಯಾರಿಗೂ ಹೊಳೆಯಲಿಲ್ಲ. ಡಾಕ್ಟರು ಟಾನಿಕ್ ಬರೆದುಕೊಟ್ಟಿದ್ದರು.

ಆ ವರ್ಷ ಬೇಸಗೆಯಲ್ಲಿ, ಮಧ್ಯಾಹ್ನದ ಊಟ ಮುಗಿಸಿ ಹೊರಟವರು ತೂಕಡಿಸಿ ಲಾರಿಯನ್ನು ಹೊಲಕ್ಕೆ ಇಳಿಸಿಬಿಟ್ಟರು. ಭಾವನಿಗೆ ಏನೂ ಆಗಲಿಲ್ಲ. ಕ್ಲೀನರ್‌ನ ಕಾಲು ಮುರಿಯಿತು. ಆಮೇಲೆ ಬೇರೆ ಯಾವ ಕ್ಲೀನರೂ ಅವರ ಜೊತೆ ಹತ್ತಲಿಲ್ಲ. ಮಂಡಿ ಯಜಮಾನರು, "ಇನ್ನೊಂದ್ಸಲ ಹಿಂಗಾದ್ರೆ ಕೀ ಇಟ್ಟು ಹೋಗ್ತಾ ಇರು" ಎಂದರಂತೆ. ಅಂದಿನಿಂದ ಅಷ್ಟು ದೂರ ಅವರು ಒಬ್ಬರೇ ಹೋಗುತ್ತಿದ್ದರು.

ಅಕ್ಕ ಬಸ್ ಹತ್ತಿ ನೇರ ಅಂಗಡಿಗೇ ಬಂದಳು. "ಕಂಪ್ಯೂಟರ್ ಎಲ್ಲಾ ಮಾಡುತ್ತೆ ಅಂತೀಯಲ್ಲ, ಇವ್ರನ್ನ ಎಚ್ಚರ ಇಡಕ್ಕಾಗಲ್ವೇನೋ?" ಎಂದಳು. ತಮಾಷೆಗೆ ಕೇಳಿದವಳ ಮುಖವಾಗಿರಲಿಲ್ಲ ಅದು.

ಹಳೆಯ ಮದರ್‌ಬೋರ್ಡ್ ಒಂದಿತ್ತು. ಲಾರಿಯ ಬ್ಯಾಟರಿಗೆ ಹೊಂದುವ ಇನ್ವರ್ಟರ್ ಅನ್ನು ಆಟೋ ಎಲೆಕ್ಟ್ರಿಷಿಯನ್ ಕೊಟ್ಟ. ಸೀಟಿನ ಹಿಂದೆ, ಮಲಗುವ ಹಲಗೆಯ ಕೆಳಗೆ, ಮರದ ಪೆಟ್ಟಿಗೆ ಮಾಡಿಸಿ ಎಲ್ಲವನ್ನೂ ಅದರೊಳಗೆ ಕೂರಿಸಿದೆ. ಮಾನಿಟರ್ ಇಲ್ಲ, ಸ್ಪೀಕರ್ ಮಾತ್ರ. ಸ್ಟೇರಿಂಗ್ ಪಕ್ಕದಲ್ಲಿ ಮನೆಯ ಕಾಲಿಂಗ್ ಬೆಲ್ಲಿನ ಸ್ವಿಚ್ ಒಂದನ್ನು ಸಿಕ್ಕಿಸಿ, ಅದರ ವೈರನ್ನು ಮೌಸಿನ ಎಡಗುಂಡಿಗೆ ಬೆಸುಗೆ ಹಾಕಿದೆ. ಪೆಟ್ಟಿಗೆಯಿಂದ ಹಾರನ್ನಿಗೂ ಒಂದು ವೈರ್ ಎಳೆದೆ. ಐದೈದು ನಿಮಿಷಕ್ಕೆ ಯಂತ್ರ ಕೂಗಬೇಕು, ಭಾವ ಸ್ವಿಚ್ ಒತ್ತಬೇಕು. ಒತ್ತದಿದ್ದರೆ ಲಾರಿಯ ಹಾರನ್ ತಾನಾಗಿ ಬಡಿದುಕೊಳ್ಳುತ್ತದೆ. ಇಷ್ಟೇ ಪ್ರೋಗ್ರಾಂ.

ಮೊದಲ ಹಾರ್ಡ್ ಡಿಸ್ಕ್ ಹೆಬ್ಬೂರು ದಾಟುವಷ್ಟರಲ್ಲಿ ಗುಂಡಿಗಳ ಏಟಿಗೆ ಸತ್ತುಹೋಯಿತು. ಎರಡನೆಯದನ್ನು ಸೈಕಲ್ ಟ್ಯೂಬಿನ ಪಟ್ಟಿಗಳಲ್ಲಿ ತೊಟ್ಟಿಲಿನಂತೆ ತೂಗುಹಾಕಿದೆ. ಅದು ಬದುಕಿತು.

ಮೊದಲು ಹಾಕಿದ್ದು ಬರೀ ಕೀರಲು ಸದ್ದು. ಒಂದೇ ಟ್ರಿಪ್ಪಿಗೆ ಭಾವ ಸಿಟ್ಟಾದರು. "ಅದು ಕಿರುಚ್ಕೊಂಡ್ರೆ ನಾನು ಬೆಚ್ಚಿ ಬ್ರೇಕ್ ತುಳಿತೀನಿ ಕಣ್ಲಾ ಬಾಮೈದ. ಹಿಂದೆ ಬರೋ ಬಸ್ಸೋನು ಬಾಯಿಗ್ ಬಂದಂಗ್ ಬೈದ. ಮನುಷ್ಯರ ದನಿ ಹಾಕು."

ಹಾಗೆ ಅಕ್ಕನನ್ನು ಮೈಕಿನ ಮುಂದೆ ಕೂರಿಸಿದೆ. "ಥೂ, ಈ ಕಡ್ಡಿ ಹತ್ರ ಏನಂತ ಮಾತಾಡ್ಲಿ?" ಎಂದು ನಾಚಿದಳು. ಆಮೇಲೆ ಸರಾಗವಾಗಿ ಬಂತು: "ರೀ, ಎಲ್ಲಿದೀರ?" "ರೀ, ಕಣ್ ಬಿಡ್ರೀ." "ಮುಖ ತೊಳ್ಕಂಡ್ರಾ?" "ಯಾಕ್ರೀ ಸುಮ್ನಿದೀರ, ಮಾತಾಡ್ರೀ." ಒಂದರ ಕೊನೆಯಲ್ಲಿ ಅವಳ ದನಿ ಒಡೆದಿತ್ತು. ಅದನ್ನೂ ತೆಗೆಯದೆ ಬಿಟ್ಟೆ.

ದೆಹಲಿಯಿಂದ ವಾಪಸ್ಸು ಬಂದ ಭಾವ ಎಲ್ಲರೆದುರಿಗೂ ಹೇಳಿಕೊಂಡು ನಕ್ಕರು. "ಮನೇಲಿ ಒಬ್ಳು ಸಾಲ್ದು ಅಂತ ಕ್ಯಾಬಿನ್ನಲ್ಲೂ ಕೂರ್ಸವ್ನೆ ಇವ್ನು. ಹೋಗ್ತಾ ಬರ್ತಾ ಬೈಸ್ಕೊಂಡೆ." ಅವರ ಕಣ್ಣು ಕೆಂಪಾಗಿರಲಿಲ್ಲ. ಅಕ್ಕ ಅವತ್ತು ಪಾಯಸ ಮಾಡಿದಳು.

ಅದಾದ ಮೇಲೆ ಮೂರನೆಯ ಟ್ರಿಪ್ ಮುಗಿಸಿ ಬಂದಾಗ ಎಡಗಡೆ ಬಂಪರ್ ನೆಗ್ಗಿತ್ತು. ಎಲ್ಲಿ ತಗುಲಿತು ಎಂದರೆ ಭಾವ, "ಗೊತ್ತಾಗ್ಲಿಲ್ಲ ಬುಡು" ಎಂದರು. ಗೊತ್ತಾಗಲಿಲ್ಲ ಎನ್ನುವ ಮಾತು ಅಕ್ಕನಿಗೆ ಹಿಡಿಸಲಿಲ್ಲ. ಮುಂದಿನ ಲೋಡಿಗೆ ಅವರ ಜೊತೆ ಹಿರಿಯೂರಿನ ತನಕ ಹೋಗಿ ಯಂತ್ರ ಸರಿಯಿದೆಯೋ ನೋಡಿಕೊಂಡು ಬಾ ಎಂದು ನನ್ನನ್ನು ಕಳಿಸಿದಳು.

ಗುಬ್ಬಿಯಿಂದ ಬೆಳಿಗ್ಗೆ ಹೊರಟೆವು. ಶಿರಾದಲ್ಲಿ ಮುದ್ದೆ ಊಟ. ಮತ್ತೆ ಹೊರಟಾಗ ಬಿಸಿಲು ನೆತ್ತಿ ದಾಟಿತ್ತು. ಕ್ಯಾಬಿನ್ ಒಳಗೆ ಇಂಜಿನ್ನಿನ ಕಾವು, ಹಿಂದಿನಿಂದ ಸುಲಿದ ಕಾಯಿಯ ವಾಸನೆ. ಅಕ್ಕ ಕೂಗಿದಳು, ಭಾವ ಸ್ವಿಚ್ ಒತ್ತಿದರು. ನಾನು ಡೈರಿಯಲ್ಲಿ ಒಂದು ಗೀಟು ಹಾಕಿದೆ. ಮತ್ತೆ ಕೂಗು, ಮತ್ತೆ ಒತ್ತು, ಮತ್ತೊಂದು ಗೀಟು. ಹಾರನ್ ಒಮ್ಮೆಯೂ ಬಡಿಯಲಿಲ್ಲ. ನನ್ನ ಕೈಕೆಲಸದ ಬಗ್ಗೆ ನನಗೇ ಹೆಮ್ಮೆ ಬರುತ್ತಿತ್ತು. ನಾಲ್ಕನೆಯ ಸಲ "ರೀ, ಎಲ್ಲಿದೀರ?" ಎಂದಾಗ ಭಾವ, "ಹ್ಞೂಂ ಕಣೇ" ಎಂದು ಸ್ವಿಚ್ ಒತ್ತಿದರು. ಆ ದನಿ ದಪ್ಪಗಿತ್ತು. ತಿರುಗಿ ನೋಡಿದೆ. ಕಣ್ಣು ಪೂರ್ತಿ ಮುಚ್ಚಿರಲಿಲ್ಲ. ಅರೆ ತೆರೆದಿತ್ತು, ಆದರೆ ರಸ್ತೆಯನ್ನು ನೋಡುತ್ತಿರಲಿಲ್ಲ. ಮುಂದೆ ಒಂದು ಎತ್ತಿನ ಗಾಡಿ ಹೋಗುತ್ತಿತ್ತು.

"ಭಾವಾ!" ಎಂದು ಕೂಗಿ ಸ್ಟೇರಿಂಗ್ ಎಳೆದೆ. ಲಾರಿ ಗಾಡಿಯ ಪಕ್ಕದಲ್ಲೇ ಮಣ್ಣಿಗಿಳಿದು, ಕುಲುಕಾಡಿ ನಿಂತಿತು. ಗಾಡಿಯವನು ಹಿಂತಿರುಗಿಯೂ ನೋಡಲಿಲ್ಲ.

ಭಾವ ಕೆಳಗಿಳಿದು ಕ್ಯಾನಿನ ನೀರನ್ನು ತಲೆಗೇ ಸುರಿದುಕೊಂಡರು. "ನಿದ್ದೆ ಮಾಡ್ಲಿಲ್ಲ ಕಣ್ಲಾ. ಸ್ವಿಚ್ ಒತ್ತಿದ್ನಲ್ಲ?"

"ಊಟ ಆದ್ಮೇಲೆ ಎಷ್ಟು ಸಲ ಒತ್ತಿದ್ರಿ ಭಾವ?"

"ಈಗ್ಲೇ ಒಂದ್ಸಲ."

ನಾನು ಡೈರಿ ತೋರಿಸಲಿಲ್ಲ. ನನ್ನ ಮುಖ ನೋಡಿಯೇ ಅವರಿಗೆ ತಿಳಿಯಿತು. ಟೈರಿಗೆ ಒರಗಿ ಕೂತರು. ಆಮೇಲೆ, "ದನಿ ತೆಗ್ದು ಮತ್ತೆ ಆ ಕಿರುಚೋದ್ನೇ ಹಾಕು. ಯಜಮಾನ್ರಿಗೆ ಏನೂ ಹೇಳ್ಬ್ಯಾಡ" ಎಂದರು. ಕಿರುಚುವುದಕ್ಕೂ ಕೈ ಹೀಗೇ ಒಗ್ಗಿಕೊಂಡರೆ ಎಂದು ಕೇಳಿದೆ. ಅವರು ಎದ್ದು, ಮುಂದಿದ್ದ ಡಾಬಾದ ಎಸ್‌ಟಿಡಿ ಬೂತಿಗೆ ತಾವೇ ನಡೆದುಹೋದರು. ಗಾಜಿನ ಹಿಂದೆ ಅವರು ಮಾತಾಡುವುದು ಕಾಣಿಸುತ್ತಿತ್ತು. ಫೋನ್ ಇಟ್ಟ ಮೇಲೂ ಹೊರಗೆ ಬರಲು ತಡಮಾಡಿದರು.

ಸಂಜೆಯ ಬಸ್ಸಿಗೆ ಯಜಮಾನರು ಕಳಿಸಿದ ಬೇರೆ ಡ್ರೈವರ್ ಬಂದ. ಅವನು ಹತ್ತುವ ಮೊದಲು ನಾನು ಪೆಟ್ಟಿಗೆಯ ವೈರುಗಳನ್ನೆಲ್ಲ ಕಿತ್ತೆ. "ಹಾಡು ಬತ್ತದಾ ಇದ್ರಲ್ಲಿ?" ಎಂದು ಕೇಳಿದ. ಬರುವುದಿಲ್ಲ ಎಂದೆ. ಭಾವ ತಮ್ಮ ಹಾಸಿಗೆಯ ಸುರುಳಿ ಇಳಿಸಿಕೊಂಡು ಕೀ ಅವನ ಕೈಗೆ ಕೊಟ್ಟರು. ವಾಪಸ್ಸಿನ ಬಸ್ಸಿನಲ್ಲಿ ಮುಂದಿನ ಸೀಟಿನ ಕಂಬಿ ಹಿಡಿದು ಕೂತವರು ಕಣ್ಣು ಮುಚ್ಚಲೇ ಇಲ್ಲ.

ಮರುದಿನ ಅಡುಗೆಮನೆಯಲ್ಲಿ ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಅವಳು ಒಲೆ ಸಣ್ಣ ಮಾಡಿದಳು. "ಮನೇಲೂ ಹಂಗೇ ಕಣೋ. ನಾನು ಮಾತಾಡ್ತಾ ಇದ್ರೆ ನಿದ್ದೇಲೇ ಹ್ಞೂಂ ಹ್ಞೂಂ ಅಂತಾರೆ. ಬೆಳಿಗ್ಗೆ ಕೇಳಿದ್ರೆ ಒಂದೂ ಗೊತ್ತಿರಲ್ಲ." ಸೌಟು ಕೆಳಗಿಟ್ಟು, "ನನ್ ದನಿ ಅಲ್ದೆ ಬೇರೆ ಯಾರ್ದಾದ್ರೂ ಆಗಿದ್ರೆ ಎಚ್ಚರ ಆಗ್ತಿತ್ತೇನೋ?" ಎಂದಳು.

ಹಿತ್ತಲಿನಲ್ಲಿ ಭಾವ, ಡೀಸೆಲ್ ವಾಸನೆಯ ಆ ಹಾಸಿಗೆಯನ್ನು ಬಿಚ್ಚಿ ಬಿಸಿಲಿಗೆ ಹರವುತ್ತಿದ್ದರು.