ಅತ್ತೆಯ ಸೆರಗು ಅಂಟಿಸಿದ ಚಿತ್ರ

ನನ್ನ ತಂಗಿಯ ಅತ್ತೆಯನ್ನು ಕಂಡರೆ ನನಗೆ ಆಗುವುದಿಲ್ಲ. ಆಗದವರ ಮುಖ ಬರೆಯುವುದು ಸುಲಭ. ಮನಸ್ಸಿನಲ್ಲೇ ಎಷ್ಟೋ ಸಲ ಗುದ್ದಿರುತ್ತೇವಾದ್ದರಿಂದ ಅದರ ಉಬ್ಬುತಗ್ಗು ಚೆನ್ನಾಗಿ ಗೊತ್ತಿರುತ್ತದೆ.

ನಾನು ಹಿಂದೂಪುರದ ಖಾಸಗಿ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್. ಮನೆಯಲ್ಲಿ ಭಾವಚಿತ್ರಗಳನ್ನು ಮಾಡುತ್ತೇನೆ. ಬರೀ ಬಣ್ಣ ನನಗೆ ಸಾಲದು. ಇದ್ದಿಲು, ಹಳೆ ಪೇಪರು, ಕಡಲೆಕಾಯಿ ಸಿಪ್ಪೆಯ ಪುಡಿ, ಆ ಮನುಷ್ಯರೇ ಉಟ್ಟು ಬಿಟ್ಟ ಬಟ್ಟೆ, ಎಲ್ಲವನ್ನೂ ಹಲಗೆಗೆ ಅಂಟಿಸಿ ಮುಖ ಎಬ್ಬಿಸುತ್ತೇನೆ. ಅಂಟು ಹುಣಸೆ ಬೀಜದ್ದು. ನಮ್ಮೂರಿನಲ್ಲಿ ಅದಕ್ಕೇನೂ ಬರವಿಲ್ಲ.

ತಂಗಿಯನ್ನು ಕಲ್ಯಾಣದುರ್ಗಕ್ಕೆ ಕೊಟ್ಟಿದೆ. ಮದುವೆಗೆ ಮುಂಚೆ ಅವಳು ಬಟ್ಟೆ ಹೊಲಿಯುತ್ತಿದ್ದಳು, ಅವಳ ಕೈಯಲ್ಲಿ ಹೊಲಿಸಿಕೊಳ್ಳಲು ನಮ್ಮ ಬೀದಿಯ ಹೆಂಗಸರು ಕಾಯುತ್ತಿದ್ದರು. ಹೊಲಿಗೆ ಮಿಷನ್ನನ್ನು ಜೊತೆಗೇ ಒಯ್ದಳು. ಅತ್ತೆ ಅದನ್ನು ಗೋಣಿಚೀಲದಿಂದ ಮುಚ್ಚಿ ಮೂಲೆಗೆ ತಳ್ಳಿದಳು. "ನಮ್ಮನೆ ಸೊಸೆ ಊರೋರ ರವಿಕೆ ಹೊಲ್ಯೋದು ಬ್ಯಾಡ" ಎಂದಳಂತೆ. ತಂಗಿಯ ಗಂಡ ಊಟಕ್ಕೆ ಮಾತ್ರ ಬಾಯಿ ತೆರೆಯುವ ಜಾತಿ.

ಒಂದು ಸಲ ತಂಗಿ ಊರಿಗೆ ಬಂದವಳು ನನ್ನ ಮುಂದೆ ಒಂದು ಕವರ್ ಬಿಚ್ಚಿದಳು. ಒಳಗೆ ಹಸಿರು ಸೀರೆಯ ಸೆರಗಿನ ಒಂದು ತುಂಡು, ಒಂದು ಉಂಡೆ ನರೆಗೂದಲು. ಅತ್ತೆ ತಲೆ ಬಾಚಿ, ಕೂದಲು ಕೊಳ್ಳುವವನಿಗೆಂದು ಗೋಡೆ ಸಂದಿಗೆ ಸಿಕ್ಕಿಸಿಟ್ಟಿದ್ದು.

"ಅಕ್ಕ, ಅತ್ತೇದೊಂದು ಪಟ ಮಾಡ್ಕೊಡು. ಅವ್ರಿಗೆ ಹೇಳಿಲ್ಲ. ಖುಷಿಯಾದ್ರೆ ಮಿಷನ್ನು ತೆಗಿಯಾಕೆ ಬಿಟ್ರೂ ಬಿಟ್ರು" ಎಂದಳು.

ಮಾಡಿದೆ. ಕೆನ್ನೆಗೆ ಕಡಲೆಕಾಯಿ ಸಿಪ್ಪೆಯ ಪುಡಿ, ಕಣ್ಣಿಗೆ ಇದ್ದಿಲು, ಕಿವಿಯ ಪಕ್ಕ ಅವಳದೇ ನರೆಗೂದಲು, ಹೆಗಲ ಮೇಲೆ ಅವಳದೇ ಸೆರಗು. ತುಟಿಗಳನ್ನು ಇದ್ದ ಹಾಗೇ ಬರೆದೆ, ಎಲೆಅಡಿಕೆ ಚೀಲದ ದಾರ ಎಳೆದಂತೆ ಬಿಗಿಯಾಗಿ. ಅಷ್ಟು ಚೆನ್ನಾದ ಬಾಯಿಯನ್ನು ನಾನು ಮತ್ತೆ ಬರೆದಿಲ್ಲ.

ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕಲ್ಯಾಣದುರ್ಗಕ್ಕೆ ಹೋದೆ. ಅತ್ತೆ ನಡುಮನೆಯಲ್ಲಿ ಕೂತು ಚಿತ್ರವನ್ನು ನೋಡಿದಳು. ಬೆರಳಿಟ್ಟು ಸೆರಗು ಸವರಿದಳು. ಕೂದಲನ್ನು ಮುಟ್ಟಿದವಳು ಕೈಯನ್ನು ತಟ್ಟನೆ ಹಿಂದಕ್ಕೆ ಎಳೆದುಕೊಂಡಳು. ಎದ್ದು ಒಳಗೆ ಹೋಗಿ ಟ್ರಂಕಿನ ತಳದಿಂದ ಹಸಿರು ಸೀರೆ ತಂದು ಕೊಡವಿದಳು. ಸೆರಗಿನಲ್ಲಿ ಚೌಕನೆಯ ಕಿಂಡಿ.

"ಇಷ್ಟು ನೆಟ್ಟಗೆ ಕತ್ರಿ ಆಡ್ಸೋಳು ಈ ಮನೇಲಿ ಒಬ್ಳೇ" ಎಂದಳು. ತಂಗಿ ತಲೆ ಎತ್ತಲಿಲ್ಲ.

"ಬದುಕಿರೋಳ ಸೆರಗು ಕೊಯ್ದು, ಕೂದ್ಲು ತಗಂಡು, ಬೊಂಬೆ ಮಾಡ್ಸಿದ್ರೆ ಏನಂತಾರೆ ಕಣಮ್ಮ? ಚೇತಬಡಿ ಅಂತಾರೆ."

ಚೇತಬಡಿ ಅಂದರೆ ಮಾಟ. ಉಟ್ಟ ಬಟ್ಟೆ, ಬಾಚಿದ ಕೂದಲು ಪರರ ಕೈಗೆ ಸಿಗಬಾರದೆಂದು ನಮ್ಮ ಕಡೆ ಹೆಣ್ಣುಮಕ್ಕಳಿಗೆ ನಡೆಯಲು ಕಲಿಸುವಾಗಲೇ ಹೇಳಿಕೊಡುತ್ತಾರೆ. ಆದರೂ ನನಗೆ ಮೈ ಉರಿಯಿತು.

"ನೀವೇ ಕೂದ್ಲು ಮಾರಲ್ವಾ?" ಎಂದೆ.

"ಮಾರ್ತೀನಿ. ಅದ್ಯಾರ್ದು ಅಂತ ಅವ್ನಿಗೆ ಗೊತ್ತಿರಲ್ಲ. ನಿಂಗೆ ಗೊತ್ತು."

"ಮಾಟ ಮಾಡೋಳು ಮುಖಾನ ಇಷ್ಟು ಕಷ್ಟಪಟ್ಟು ಬರೀತಾಳಾ? ಸರಿಯಾಗಿ ನೋಡಿ, ಎಲ್ಲಿ ತಪ್ಪೈತೆ ಹೇಳಿ."

ಅವಳು ನಿಜಕ್ಕೂ ನೋಡಿದಳು. "ಬಾಯಿ ನಂದೇ. ಅದಿರ್ಲಿ. ಸೆರಗು ಬಿಡ್ಸು" ಎಂದಳು.

ನಾನು ಒಪ್ಪಲಿಲ್ಲ. ಜಗಳಕ್ಕೆ ನಿಂತೆ. ಅಷ್ಟರಲ್ಲಿ ತಂಗಿ ಬಿಸಿನೀರು ತಂದು, ಹಲಗೆಯನ್ನು ನೆಲಕ್ಕೆ ಹಾಕಿ, ಸೆರಗನ್ನು ನೆನೆಸತೊಡಗಿದಳು. ಅಂಗಡಿಯ ಗೋಂದಾಗಿದ್ದರೆ ಬರುತ್ತಿರಲಿಲ್ಲ. ಹುಣಸೆ ಬೀಜದ ಅಂಟು ಬಿಸಿಗೆ ಸೋತು ಬಟ್ಟೆ ಅಂಚಿನಿಂದ ಎದ್ದು ಬಂತು. ಜೊತೆಗೆ ಹೆಗಲೂ ಅರ್ಧ ಕತ್ತೂ ಹೋದವು. ಕೂದಲನ್ನು ಅತ್ತೆಯೇ ಕಿತ್ತು ಒಲೆಗೆ ಹಾಕಿದಳು.

"ಈಗ ಎಲ್ಲಿತ್ತೋ ಅಲ್ಲಿಗೇ ಹೊಲಿ."

ಗೋಣಿಚೀಲ ಸರಿಯಿತು. ಮದುವೆಯಾದ ಮೇಲೆ ಆ ಮನೆಯಲ್ಲಿ ಮೊದಲ ಸಲ ಮಿಷನ್ನು ಓಡಿತು. ಎಣ್ಣೆ ಕಾಣದೆ ಕಿರುಗುಟ್ಟಿದರೂ ತಂಗಿಯ ಕಾಲು ತಪ್ಪಲಿಲ್ಲ, ಹೊಲಿಗೆ ಹುಡುಕಿದರೂ ಕಾಣದಂತೆ ಕೂತಿತು. ಅತ್ತೆ ಸೆರಗನ್ನು ಬೆಳಕಿಗೆ ಹಿಡಿದು ಎರಡೂ ಮಗ್ಗುಲು ನೋಡಿದಳು. ಚೆನ್ನಾಗಿದೆ ಎನ್ನುತ್ತಾಳೇನೋ ಅಂದುಕೊಂಡೆ. ನನ್ನ ಬುದ್ಧಿಗೆ ಬೆಂಕಿ ಬೀಳಲಿ.

"ಈ ಮಿಷನ್ನೂ ನಿಮ್ಮಕ್ಕನ ಜತೇಲೇ ಹೋಗ್ಲಿ. ಕತ್ರಿ ಇರೋ ಮನೇಲಿ ನನ್ ಬಟ್ಟೆ ಉಳಿಯಲ್ಲ" ಎಂದಳು.

ಆಟೋದಲ್ಲಿ ಬಸ್‌ಸ್ಟ್ಯಾಂಡಿಗೆ ತಂಗಿಯೂ ಬಂದಳು. ಮಿಷನ್ನನ್ನು ಬಸ್ಸಿಗೆ ಏರಿಸಿ, ಜಾರದಂತೆ ಸೀಟಿನ ಕಾಲಿಗೆ ತಾನೇ ಹಗ್ಗ ಕಟ್ಟಿದಳು. ಆ ಮುದುಕಿಯನ್ನು ನಾನು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ತಂಗಿ ಕೇಳಿಸಿಕೊಂಡಳು, ಗಂಟು ಬಿಗಿದಳು, ಆಮೇಲೆ ಹೇಳಿದಳು.

"ಸೆರಗು ಕೊಯ್ದೋಳು ನಾನೇ, ಅದು ನನ್ ತಲೆ ಮ್ಯಾಲಿರ್ಲಿ. ಆ ಬಾಯೊಂದು ಸೊಲ್ಪ ನಗೋ ಥರ ಬರೀಬೌದಾಗಿತ್ತಲ್ಲಕ್ಕ."

"ನಗದೇ ಇರೋಳನ್ನ ಹೆಂಗೆ ನಗ್ಸಲಿ?"

"ಒಂದ್ಸಲ ನನ್ ನೋಡಿ ನಗ್ಲಿ ಅಂತ್ಲೇ ಕಣಕ್ಕ ಪಟ ಮಾಡ್ಸಿದ್ದು" ಎಂದು ಇಳಿದು ಹೋದಳು.