ಮೇಚೇರಿಯ ಅಜ್ಜಿಯ ಬೈಗುಳ

ಕೊರೋನಾ ಕಳೆದ ಮರುವರ್ಷದ ಮಾತು. ಸೇಲಂನ ನಮ್ಮ ಮನೆಯ ಊಟದ ಮೇಜಿನ ಮೇಲೆ ಕಾಲೇಜು ಹುಡುಗಿಯರಿಗೆ ಇಂಗ್ಲಿಷ್ ಟ್ಯೂಷನ್ ಹೇಳುತ್ತಿದ್ದೆ. ಮನೆವಾರ್ತೆಯ ನಡುವೆ ನಾನು ಮಾಡಿಕೊಂಡ ಉದ್ಯೋಗ ಅದೊಂದೇ. ಬರುವವರಲ್ಲಿ ಹೆಚ್ಚಿನವರು ಅರಿಯರ್ ಇಟ್ಟುಕೊಂಡವರು, ಅಂದರೆ ಫೇಲಾದ ಪೇಪರನ್ನು ಮತ್ತೆ ಬರೆಯಬೇಕಾದವರು.

ಮೇಚೇರಿ ಕಡೆಯ ಮಾದೇವಿ ಬಿ.ಎ. ಇಂಗ್ಲಿಷಿನ ಅಲಂಕಾರಗಳ ಪೇಪರಿನಲ್ಲಿ ಎರಡು ಸಲ ಬಿದ್ದಿದ್ದಳು. ಮೆಟಫರ್, ಐರನಿ ಎಲ್ಲದರ ವ್ಯಾಖ್ಯೆಯೂ ಬಾಯಿಪಾಠ. ಸ್ವಂತ ಉದಾಹರಣೆ ಕೇಳಿದರೆ ಪೆನ್ನಿನ ಕ್ಯಾಪು ಕಚ್ಚುತ್ತಾ ಕೂರುವಳು. ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೂ ಹಾಗೇ ಕಲಿಸಿದ್ದರು, ನಾನೂ ಹಾಗೇ ಕಲಿಸುತ್ತಿದ್ದೆ. ಪರೀಕ್ಷೆಗೆ ಮೂರು ವಾರವಿದೆ ಎನ್ನುವಾಗ ಹುಡುಗಿ ಪುಸ್ತಕ ಮುಚ್ಚಿಬಿಟ್ಟಳು.

“ನಾ ಇನ್ ಬರಲ್ಲ ಮಿಸ್. ನಮ್ಮಜ್ಜಿ ಸಂತೇಲಿ ಎಲ್ಲಾರ್ ಮುಂದೇನೂ ‘ಇದು ದಂಡಪಿಂಡ, ಇದರ ತಲೇಗೆ ಓದು ಎಲ್ಲಿ ಏರ್ತೈತೆ’ ಅಂತೈತೆ. ನಿಜ ತಾನೆ?”

ಹಾಗೆ ಬೈಯಬೇಡಿ ಎಂದು ಅಜ್ಜಿಗೆ ಹೇಳಿ ಒಪ್ಪಿಸೋಣವೆಂದು ಭಾನುವಾರ ಮೇಚೇರಿಯ ಬಸ್ಸು ಹತ್ತಿದೆ. ಅಜ್ಜಿ, ಮೊಮ್ಮಗಳು ಇಬ್ಬರೂ ಕುರಿಹಟ್ಟಿಯಲ್ಲಿದ್ದರು. ಕಂದು ಬಣ್ಣದ ಮರಿಯೊಂದು ಬಂದು ನನ್ನ ಸೀರೆಯಂಚು ಮೂಸಿತು. “ಎಷ್ಟು ಚೆಂದ ಇದೆ!” ಎಂದೆ.

“ಅಯ್ಯೋ, ಚೆಂದ ಎಲ್ಲೈತೆ ಟೀಚರಮ್ಮ! ಸೊಟ್ಟ ಕಾಲು, ನರಿ ಮೂತಿ. ಓಗ್ಲಾ ಅತ್ಲಾಗೆ!” ಎಂದು ಗದರಿದ ಅಜ್ಜಿ, ಸೆರಗಿನ ತುದಿಯಿಂದ ಅದರ ಕಣ್ಣಿನ ಪಿಸುರನ್ನು ಮೆಲ್ಲಗೆ ಒರೆಸಿದರು. ಕಾಲು ನಾಲ್ಕೂ ನೆಟ್ಟಗಿದ್ದವು.

ಮಾದೇವಿ ನಕ್ಕಳು. “ಮಂದೇಲೆಲ್ಲ ಅದೇ ಮೇಲು ಮಿಸ್. ಮಾರೋ ಕುರೀನ ಅಜ್ಜಿ ಒಗಳ್ತೈತೆ, ಇಟ್ಕೊಳ್ಳೋದನ್ನ ಬೈತೈತೆ. ದೃಷ್ಟಿ ಆಗ್ಬಾರ್ದು ಅಂತ.”

“ಮೇಲೆ ಬೈಗುಳ, ಒಳಗೆ ಹೊಗಳಿಕೆ. ನಿನ್ನ ಪೇಪರಿನಲ್ಲಿ ಇದಕ್ಕೆ ಏನಂತಾರೆ?”

“ಐರನಿ,” ಎಂದಳು. ಥಟ್ಟನೆ ಅಜ್ಜಿಯ ಕಡೆ ತಿರುಗಿದಳು. “ಅಜ್ಜೀ, ಸಂತೇಲಿ ನನ್ನ ದಂಡಪಿಂಡ ಅಂತೀಯಲ್ಲ...”

“ಮತ್ತೆ? ಊರ್ ಕಣ್ಣೆಲ್ಲ ನಿನ್ ಮ್ಯಾಲೇ ಐತೆ ಲೇ! ಸಂತೇಲಿ ನಿಂತು ರಾಣಿ ಅಂತ ಒಗಳ್ಬೇಕಿತ್ತಾ? ಓಗಿ ಓದು, ಓಗು!”

ಮಾದೇವಿ ಪರೀಕ್ಷೆ ಬರೆದಳು, ಐರನಿಗೆ ಆ ಮರಿಯನ್ನೇ ಉದಾಹರಣೆ ಕೊಟ್ಟು. ಪಾಸಾದಳು.

ಅಕ್ಷರ ಬಾರದ ಆ ಹಿರಿಯಾಕೆಗೆ ಅಲಂಕಾರ ಕರಗತವಾಗಿತ್ತು. ನನಗೆ ಗೊತ್ತಿದ್ದದ್ದು ಅದರ ಹೆಸರು ಮಾತ್ರ. ಆದರೂ ಆ ಹೆಸರೊಂದು ಇರದಿದ್ದರೆ, ತನಗೂ ಬಿದ್ದದ್ದು ಮರಿಗೆ ಬಿದ್ದಂಥ ಬೈಗುಳವೇ ಎಂದು ಮೊಮ್ಮಗಳಿಗೆ ಹೊಳೆಯುತ್ತಿರಲಿಲ್ಲ. ಈಗ ಹೊಸಬರು ಬಂದರೆ ಮೊದಲ ದಿನ ಪುಸ್ತಕ ತೆಗೆಸುವುದಿಲ್ಲ. “ನಿಮ್ಮ ಮನೆಯಲ್ಲಿ ಯಾರು ಚೆನ್ನಾಗಿ ಬೈಯುತ್ತಾರೆ?” ಎಂದು ಕೇಳುತ್ತೇನೆ.